ಏರುಗಿರಿಯ ಐದನೆಯ ದರ್ಜೆಯ ಕೋವಿ

ಬಹಳ ಹಿಂದೆ, ಮಳೆ ಸುರಿಸಲು ಮೋಡಗಳಿಗೂ ಅಪ್ಪಣೆಚೀಟಿ ಬೇಕೆಂದು ಅರಮನೆಯವರು ಮಾತ್ರ ನಂಬಿದ್ದ ಕಾಲದಲ್ಲಿ, ಏರುಗಿರಿ ಎಂಬ ರಾಜ್ಯವಿತ್ತು. ಈ ಕಥೆ ಶುರುವಾಗುವ ಬೆಳಗ್ಗೆ ಆ ರಾಜ್ಯದ ಮೇಲೆ ದಟ್ಟ ಮಂಜು ಇಳಿದಿತ್ತು. ಮಾರು ದೂರದ ಬೇವಿನ ಮರ ಕಾಣುತ್ತಿರಲಿಲ್ಲ. ಹಾಲು ಕರೆಯಲು ಕೂತವಳಿಗೆ ಹಸುವಿನ ತಲೆ ಕಾಣುತ್ತಿರಲಿಲ್ಲ. ಹಳ್ಳಿಯ ಹಿರಿಯರು, "ದೇವ್ರು ಕಂಬಳಿ ಹೊದ್ದು ಮಲಗವ್ನೆ, ಎದ್ದ ಮೇಲೆ ತಾನೇ ಮಡಿಚಿಡ್ತಾನೆ ಬುಡ್ರೋ" ಎಂದು ಜಗಲಿಯ ಮೇಲೆ ಕೂತು ಕಾದರು. ಅರಮನೆಯವರಿಗೆ ಕಾಯುವ ಅಭ್ಯಾಸವಿರಲಿಲ್ಲ. ಮಂತ್ರಿಮಂಡಲ ತುರ್ತಾಗಿ ಸೇರಿ, ರಾಜ್ಯದಲ್ಲಿ ಮಂಜು ಇಲ್ಲವೆಂದು ಒಮ್ಮತದಿಂದ ತೀರ್ಮಾನಿಸಿತು.

ಆ ತೀರ್ಮಾನವನ್ನು ಕೋಟೆಯ ಮೇಲೆ ನಿಂತು ಸಾರಿದವನು ಪರಾಕಿನ ಓಬಳಯ್ಯ. ಸಾರಿ ಇಳಿಯುವಾಗ ಮೆಟ್ಟಿಲು ಕಾಣದೆ ಮುಗ್ಗರಿಸಿ ಮೊಣಕಾಲು ತರಚಿಕೊಂಡ. ಇಲ್ಲದ ಮಂಜಿನಲ್ಲಿ ಬಿದ್ದವನಿಗೆ ಅರಮನೆಯ ವೈದ್ಯರು ಮದ್ದು ಹಾಕುವಂತಿರಲಿಲ್ಲ. ತಾನೇ ಒಂದಿಷ್ಟು ಅರಿಶಿನ ಮೆತ್ತಿಕೊಂಡು ಬಂದು ಆಸ್ಥಾನದಲ್ಲಿ ತನ್ನ ಜಾಗದಲ್ಲಿ ನಿಂತ.

ಓಬಳಯ್ಯನದು ದೊಡ್ಡ ಕೆಲಸವೇನಲ್ಲ. ಮಹಾರಾಜರು ಎದ್ದಾಗ, ಕೂತಾಗ, ಕೆಮ್ಮಿದಾಗ ಅವರ ಬಿರುದುಗಳನ್ನು ಕೂಗಬೇಕು. ಕೈಯಲ್ಲಿ ಎದೆಯೆತ್ತರದ, ಕಗ್ಗಲಿ ಮರದ ಗಟ್ಟಿ ಕೋಲು. ಅದನ್ನೊಮ್ಮೆ ನೆಲಕ್ಕೆ ಕುಟ್ಟಿ ಬಾಯಿ ತೆರೆದನೆಂದರೆ ಬೀದಿಯಾಚೆಯ ತೊಟ್ಟಿಲಲ್ಲಿ ಮಲಗಿದ್ದ ಕೂಸು ಬೆಚ್ಚಿ ಏಳುತ್ತಿತ್ತು. ದೇವರು ಕೊಟ್ಟ ಗಂಟಲು. ಭಜನೆಗೆಂದೇ ಕೊಟ್ಟಿದ್ದನೋ ಏನೋ. ಹೊಟ್ಟೆ ಅದನ್ನು ಅರಮನೆಗೆ ಒಪ್ಪಿಸಿತ್ತು.

ಏರುಗಿರಿಯನ್ನು ಆಳುತ್ತಿದ್ದವರು ಉತ್ತರೋತ್ತರ ಮಹಾರಾಜರು. ಯುದ್ಧ ದುಬಾರಿಯಾಯಿತೆಂದು ಸುತ್ತಲಿನ ದೊರೆಗಳೆಲ್ಲ ಸೇರಿ ಅದನ್ನು ಎಂದೋ ನಿಲ್ಲಿಸಿದ್ದರು. ಬದಲಿಗೆ ಪ್ರತಿ ಅರಮನೆಯಲ್ಲೂ ಒಂದೊಂದು ಆಳೆತ್ತರದ ಮಾಯಾಕನ್ನಡಿ ಬಂದಿತ್ತು. ಕನ್ನಡಿಯೊಳಗೆ ಒಂದು ಹಾಳೂರು. ಗುಂಡಿಗಳಿರುವ ಪುಟ್ಟ ಪೆಟ್ಟಿಗೆಯೊಂದನ್ನು ಕೈಯಲ್ಲಿ ಹಿಡಿದು ಒತ್ತಿದರೆ, ಒತ್ತಿದವರ ಬೊಂಬೆ ಆ ಹಾಳೂರಿಗೆ ಇಳಿಯುತ್ತಿತ್ತು. ಎಲ್ಲ ರಾಜ್ಯದವರೂ ಆನ್‌ಲೈನ್ ಬಂದು ಒಂದೇ ಹೊತ್ತಿಗೆ ಅಲ್ಲಿ ಇಳಿದು, ಒಬ್ಬರಿಗೊಬ್ಬರು ಗುಂಡು ಹೊಡೆದುಕೊಂಡು, ಊಟದ ಹೊತ್ತಿಗೆ ಎದ್ದು ಹೋಗುತ್ತಿದ್ದರು. ಇದಕ್ಕೆ ಗುಂಡಾಟವೆಂದು ಹೆಸರು.

ಗುಂಡಾಟದ ನಿಯಮ ಸರಳ. ಹಾಳೂರಿನ ಮುರುಕು ಮನೆಗಳಲ್ಲಿ ಸ್ಪ್ರಿಂಗು, ತಂತಿ, ಚಕ್ರ, ಬೆಲ್ಟು ಬಿದ್ದಿರುತ್ತವೆ. ಅವನ್ನು ಬಗ್ಗಿ ಹೆಕ್ಕಿ, ಜೋಳಿಗೆಗೆ ಹಾಕಿಕೊಂಡು, ಸೈರನ್ ಕೂಗುವುದರೊಳಗೆ ಊರಬಾಗಿಲು ದಾಟಿ ಹೊರಬರಬೇಕು. ಬಂದರೆ ಸಾಮಗ್ರಿ ನಿಮ್ಮದು. ಅದನ್ನು ಕೊಟ್ಟು ಕೋವಿಯನ್ನು ಒಂದು ದರ್ಜೆ ಅಪ್‌ಗ್ರೇಡ್ ಮಾಡಿಕೊಳ್ಳಬಹುದು. ನಡುವೆ ಯಾರಾದರೂ ಹೊಡೆದುರುಳಿಸಿದರೆ ಜೋಳಿಗೆ ಹೊಡೆದವರ ಪಾಲು.

ನೆರೆಯ ಕೆಳಗಿರಿಯ ರಾಣಿಯ ಕೋವಿ ಆಗಲೇ ನಾಲ್ಕನೆಯ ದರ್ಜೆಗೇರಿತ್ತು. ಉತ್ತರೋತ್ತರ ಮಹಾರಾಜರದು ಇನ್ನೂ ಮೊದಲನೆಯದು. ಗುಂಡು ಹೊರಡುವ ಮುಂಚೆ ಅದು ಸ್ವಲ್ಪ ಯೋಚಿಸುತ್ತಿತ್ತು.

"ಆಕೆಗೆ ಸಾಮಗ್ರಿ ಎಲ್ಲಿಂದ ಬರುತ್ತದೆ?" ಮಹಾರಾಜರು ಕೇಳಿದರು.

ಮಹಾಮಂತ್ರಿ ತಥಾಸ್ತುರಾಯರು ಕೈಮುಗಿದರು. ಅವರು ಯಾರ ಮಾತಿಗೂ ಇಲ್ಲವೆಂದವರಲ್ಲ, ತಮ್ಮದೊಂದನ್ನು ಬಿಟ್ಟು. ತಮ್ಮದೆಂಬ ಮಾತು ಅವರಿಗೆ ಇರಲೂ ಇಲ್ಲ. "ತಾನೇ ಇಳಿದು, ತಾನೇ ಹೆಕ್ಕುತ್ತಾಳಂತೆ, ಮಹಾಪ್ರಭು."

"ಬಗ್ಗಿ?"

"ಸೊಂಟದವರೆಗೂ ಬಗ್ಗುತ್ತಾಳಂತೆ."

"ಛೇ, ಛೇ. ಕಿರೀಟ?"

"ಕಳಚಿ ಪಕ್ಕಕ್ಕಿಡುತ್ತಾಳಂತೆ."

ಆಸ್ಥಾನಕ್ಕೆ ಆಸ್ಥಾನವೇ ಕಿವಿ ಮುಚ್ಚಿಕೊಂಡಿತು. ಏರುಗಿರಿಯಲ್ಲಿ ದೊರೆ ಬಗ್ಗುವುದಿಲ್ಲ. ದೊರೆಯ ಮುಂದೆ ಎಲ್ಲರೂ ಬಗ್ಗುತ್ತಾರೆ, ಆದರೆ ಏನನ್ನೂ ಹೆಕ್ಕುವುದಿಲ್ಲ. ಅಲ್ಲಿಯ ಇನ್ನೊಂದು ಸಂಪ್ರದಾಯವನ್ನೂ ಓದುಗರು ಈಗಲೇ ತಿಳಿದಿರಲಿ: ದೊರೆಗೆ ಯಾರೂ ಬೆನ್ನು ತೋರಿಸುವಂತಿಲ್ಲ. ದೊರೆ ನಡೆಯುವಾಗ ಮುಂದೆ ಹೋಗುವ ಮಂತ್ರಿ, ಸೇನಾಪತಿ, ಪರಾಕಿನವರೆಲ್ಲ ಅವರ ಮುಖವನ್ನೇ ನೋಡುತ್ತ ಹಿಂದುಹಿಂದಕ್ಕೆ ಹೆಜ್ಜೆ ಇಡಬೇಕು. ಅರಮನೆಯ ಓಣಿಗಳಲ್ಲಿ ಇದರಿಂದ ಒಂದಿಷ್ಟು ಹೂದಾನಿ ಒಡೆದದ್ದು ಬಿಟ್ಟರೆ ಹೆಚ್ಚಿನ ನಷ್ಟವೇನೂ ಆಗಿರಲಿಲ್ಲ.

ಆದರೆ ಛಲ ದೊಡ್ಡದು. ಆ ಮಂಜಿನ ದಿನವೇ, ಏರುಗಿರಿಯ ಇತಿಹಾಸದಲ್ಲಿ ಮೊದಲ ಸಲ, ಮಹಾರಾಜರು ಸಕಲ ಪರಿವಾರದೊಡನೆ ಹಾಳೂರಿಗೆ ಚಿತ್ತೈಸಿದರು. ಅಂದರೆ, ಎಲ್ಲರೂ ಕನ್ನಡಿಯ ಮುಂದೆ ಕೂತು ಒಂದೊಂದು ಪೆಟ್ಟಿಗೆ ಹಿಡಿದು ಗುಂಡಿ ಒತ್ತಿದರು. ಕನ್ನಡಿಯೊಳಗೆ ಕಿರೀಟ ಧರಿಸಿದ ಬೊಂಬೆಯೊಂದು ಮುರುಕು ಬೀದಿಯಲ್ಲಿ ಗಂಭೀರವಾಗಿ ನಡೆಯಿತು. ಅದರ ಮುಂದೆ ನಾಲ್ಕೈದು ಬೊಂಬೆಗಳು ಅದರ ಮುಖ ನೋಡುತ್ತ ಹಿಂದುಹಿಂದಕ್ಕೆ ನಡೆದವು.

"ಎದುರಿಗೆ ಯಾರಿದ್ದಾರೆ?" ಮಹಾರಾಜರು ಕೇಳಿದರು.

"ನಾವಿದ್ದೇವೆ, ಮಹಾಪ್ರಭು," ಎಂದರು ತಥಾಸ್ತುರಾಯರು. "ತಮ್ಮ ಮುಖಕಮಲವನ್ನೇ ನೋಡುತ್ತಿದ್ದೇವೆ."

"ಅದು ಗೊತ್ತಾಗುತ್ತಿದೆಯಯ್ಯ. ನನಗೆ ನಿಮ್ಮ ಹೊಟ್ಟೆಗಳಲ್ಲದೆ ಬೇರೇನೂ ಕಾಣಿಸುತ್ತಿಲ್ಲ. ವೈರಿಗಳು ಎಲ್ಲಿ?"

"ನಮ್ಮ ಬೆನ್ನ ಹಿಂದೆ ಇರಬಹುದು," ಎಂದ ಸೇನಾಪತಿ ಹಿಂಜರಿಮಲ್ಲ. "ಚಿಂತೆ ಬೇಡ, ಪ್ರಭು. ಹಿಂದಕ್ಕೆ ಹೆಜ್ಜೆ ಇಡುವುದರಲ್ಲಿ ನಮ್ಮ ಸೈನ್ಯಕ್ಕೆ ಸಾಟಿಯಿಲ್ಲ."

ಅಷ್ಟರಲ್ಲಿ ಮಹಾರಾಜರು ಕೆಮ್ಮಿದರು. ಕೆಮ್ಮಿದರೆ ಪರಾಕು ಕೂಗಲೇಬೇಕು. ಕನ್ನಡಿಗೊಂದು ಮೈಕಿತ್ತು, ಇಲ್ಲಿ ಆಡಿದ ಮಾತು ಹಾಳೂರಿನಲ್ಲಿ ಹತ್ತಿರವಿದ್ದವರಿಗೆಲ್ಲ ಕೇಳುತ್ತದೆಂದು ಓಬಳಯ್ಯನಿಗೆ ಅನುಮಾನವಿತ್ತು. "ಬುದ್ಧೀ, ಕೂಗಿದ್ರೆ ವೈರಿಗಳಿಗೆ..." ಎಂದು ತೊದಲಿದ.

"ಕೂಗದಿದ್ದರೆ ಬಂದಿರುವವರು ಮಹಾರಾಜರೆಂದು ವೈರಿಗಳಿಗೆ ಗೊತ್ತಾಗುವುದು ಹೇಗೆ?" ತಥಾಸ್ತುರಾಯರು ಗದರಿದರು.

ಓಬಳಯ್ಯ ಕೋಲು ಕುಟ್ಟಿದ. "ಶ್ರೀಮನ್ಮಹಾರಾಜಾಧಿರಾಜ, ಏರುಗಿರಿ ಧರಾಮಂಡಲಾಧೀಶ್ವರ, ಅರಿಗಜ ಕಂಠೀರವ, ಶರಣಾಗತ ವಜ್ರಪಂಜರ, ಉತ್ತರೋತ್ತರ ಮಹಾಪ್ರಭುಗಳು ಬರುತ್ತಿದ್ದಾರೆ, ಬಹುಪರಾಕ್!"

ಕೂಗು ಹಾಳೂರಿಗೆಲ್ಲ ಮೊಳಗಿತು. ಆಮೇಲೆ ಯಾವುದೋ ಮಾಳಿಗೆಯ ಮೇಲಿಂದ ಹೆಂಗಸಿನ ದನಿಯೊಂದು, "ಯಾರಪ್ಪಾ ಅದು? ಮದುವೆ ದಿಬ್ಬಣವೇ? ದಾರಿ ತಪ್ಪಿತೇನೋ ಪಾಪ!" ಎಂದಿತು. ಅದು ಕೆಳಗಿರಿಯ ರಾಣಿ. ವೈರಿಗಳಿಗೆ ಬೆನ್ನು ಹಾಕಿ ನಡೆಯುತ್ತಿದ್ದ ಬೊಂಬೆಗಳು ಒಂದೊಂದಾಗಿ, ದೊರೆಗೆ ಅಡ್ಡಬಿದ್ದಂತೆಯೇ ಉರುಳಿದವು. ಕಿರೀಟದ ಬೊಂಬೆ ಕೋವಿ ಎತ್ತಿತು. ಕೋವಿ ಯೋಚಿಸಿತು. ಅಷ್ಟರಲ್ಲಿ ಅದೂ ಉರುಳಿತು.

ಕನ್ನಡಿಯ ಮೇಲೆ ದೊಡ್ಡಕ್ಷರಗಳು ಮೂಡಿದವು: ನೀವು ಹತರಾಗಿದ್ದೀರಿ.

"ಇದನ್ನು ಬರೆದವನು ಯಾರು?" ಎಂದು ಮಹಾರಾಜರು ಗುಡುಗಿದರು. "ಹಿಡಿದು ತನ್ನಿ!"

ಸೋಲಿನ ಬಗ್ಗೆ ವಿಚಾರಣೆ ನಡೆಯಿತು. ಹಿಂದುಹಿಂದಕ್ಕೆ ನಡೆದದ್ದು ಸಂಪ್ರದಾಯ, ಅದರ ತಪ್ಪಲ್ಲ. ಪರಾಕು ಕೂಗಿದ್ದು ಶಿಷ್ಟಾಚಾರ, ಅದರ ತಪ್ಪೂ ಅಲ್ಲ. ಉಳಿದದ್ದು ಕೋವಿ. ಕುಣಿಯಲಾರದವಳು ನೆಲ ಡೊಂಕೆಂದಳಂತೆ; ಏರುಗಿರಿಯವರು ದರ್ಜೆ ಕಡಿಮೆಯೆಂದರು. ಕೋವಿಯನ್ನು ಒಂದೇ ಏಟಿಗೆ ಐದನೆಯ ದರ್ಜೆಗೇರಿಸಬೇಕು. ಆದರೆ ಸಾಮಗ್ರಿ? ಹಾಳೂರಿಗೆ ಮತ್ತೆ ಇಳಿಯಲು ಯಾರಿಗೂ ಮನಸ್ಸಿರಲಿಲ್ಲ.

ತಥಾಸ್ತುರಾಯರು ಗಂಟಲು ಸರಿಪಡಿಸಿಕೊಂಡರು. "ಮಹಾಪ್ರಭು, ಹಾಳೂರೇ ಮಾಯೆ. ಮಾಯೆಯೊಳಗಿನ ಚಕ್ರ ಮಾಯೆ, ತಂತಿ ಮಾಯೆ. ಅಂಥ ಕಳಪೆ ಸಾಮಗ್ರಿಯಿಂದ ತಮ್ಮ ಕೋವಿಯನ್ನು ಏರಿಸುವುದೇ? ನಿಜವಾದ ಚಕ್ರ, ನಿಜವಾದ ತಂತಿ ತಮ್ಮ ಪ್ರಜೆಗಳ ಮನೆಮನೆಯಲ್ಲೂ ಬಿದ್ದಿದೆ. ಅದನ್ನೇ ತಂದು ಕನ್ನಡಿಗೆ ಸಮರ್ಪಿಸೋಣ."

"ಬಿದ್ದಿದೆಯೇ?"

"ಬಳಸುತ್ತಿದ್ದಾರೆ. ಅಂದರೆ ಬಿದ್ದಿದ್ದಂತೆಯೇ."

ಹೀಗೆ 'ಸಾಮಗ್ರಿ ಸಮರ್ಪಣಾ ಅಭಿಯಾನ' ಘೋಷಣೆಯಾಯಿತು. ಬಾವಿಯ ರಾಟೆ, ಹೊಲಿಗೆ ಯಂತ್ರದ ಬೆಲ್ಟು, ಗಡಿಯಾರದ ಸ್ಪ್ರಿಂಗು, ಬಟ್ಟೆ ಒಣಹಾಕುವ ತಂತಿ, ತಿರುಗುವ ಸಮಸ್ತವೂ ಅರಮನೆಗೆ ಸೇರತಕ್ಕದ್ದು. ದರ್ಜೆ ಏರಿದ ಕೂಡಲೇ ಎಲ್ಲವನ್ನೂ ಅವರವರಿಗೆ ಮರಳಿಸಲಾಗುವುದು. ಊರೂರಿಗೆ ಸಾರುವವರು ಹೊರಟರು. ಹೊರಳಹಳ್ಳಿಗೆ ಹೊರಟವನು ಓಬಳಯ್ಯ. ಅದು ಅವನ ಹುಟ್ಟೂರು.

ಹೊರಳಹಳ್ಳಿಯಲ್ಲಿ ತಿರುಗುವಂಥದ್ದು ಮುಖ್ಯವಾಗಿ ಒಂದೇ: ಚನ್ನಾಜಮ್ಮನ ಹಿಟ್ಟಿನ ಗಿರಣಿಯ ಚಕ್ರ. ಚನ್ನಾಜಮ್ಮ ಓಬಳಯ್ಯನ ಅಕ್ಕ. ತಾಯಿ ಹೋದ ಮೇಲೆ ತಮ್ಮನನ್ನು ಆ ಗಿರಣಿಯ ಹಿಟ್ಟಿನಲ್ಲೇ ಸಾಕಿದವಳು. ಸುತ್ತಲಿನ ಹಳ್ಳಿಗಳ ರಾಗಿ, ಜೋಳ, ಅಕ್ಕಿಯೆಲ್ಲ ಅಲ್ಲಿಗೇ ಬರಬೇಕು. ಸೇರಿಗೊಂದು ಹಿಡಿ ಹಿಟ್ಟು ಗಿರಣಿಗೆ ಕೂಲಿ. ಆ ಕೂಲಿಯಲ್ಲೇ ಕೂಡಿಟ್ಟ ಅಕ್ಕಿಹಿಟ್ಟಿನಿಂದ ವರ್ಷಕ್ಕೊಮ್ಮೆ ಊರ ಮಾರಮ್ಮನಿಗೆ ತಂಬಿಟ್ಟಿನ ಆರತಿ. ಗಿರಣಿ ಬಂದ ಮೇಲೆ ಬೀಸುವ ಕಲ್ಲುಗಳನ್ನು ಯಾರೂ ಮುಟ್ಟಿರಲಿಲ್ಲ. ಕೆಲವರ ಮನೆಯಲ್ಲಿ ಅವು ಬಚ್ಚಲಿನ ಮೆಟ್ಟಿಲಾಗಿದ್ದವು.

ಓಬಳಯ್ಯ ಗಿರಣಿಯ ಬಾಗಿಲಲ್ಲಿ ನಿಂತಾಗ ಚನ್ನಾಜಮ್ಮ ರೆಪ್ಪೆಯ ಮೇಲಿನ ಹಿಟ್ಟು ಒರೆಸಿಕೊಂಡು ನೋಡಿದಳು. "ಏನ್ಲಾ ಓಬ್ಳ, ಕುಂಟ್ತಾ ಇದೀಯ?"

"ಮಂಜಲ್ಲಿ ಬಿದ್ದೆ ಕಣಕ್ಕ."

"ಮಂಜಿಲ್ಲ ಅಂತ ನೀನೇ ಕೂಗಿದ್ಯಂತಲ್ಲೋ?"

ಓಬಳಯ್ಯ ಮೊಣಕಾಲು ಸವರಿಕೊಂಡ. ಹಿಂದೆ ಸೈನಿಕರು ಎತ್ತಿನ ಗಾಡಿ ನಿಲ್ಲಿಸಿಕೊಂಡಿದ್ದರು. ಓಬಳಯ್ಯ ಘೋಷಣೆಯನ್ನು ಕೂಗಲಿಲ್ಲ. ಅಕ್ಕನ ಮುಂದೆ ಮೆಲ್ಲಗೆ ಹೇಳಿದ. ರಾಗಿ ಬೀಸಿಸಲು ಬಂದಿದ್ದ ಪಕ್ಕದ ಮನೆಯ ಸಣ್ಣತಾಯಿ ಸೆರಗು ಬಾಯಿಗಿಟ್ಟುಕೊಂಡು ಕೇಳುತ್ತಿದ್ದಳು.

"ಕನ್ನಡಿ ಒಳಗಿರೋ ಕೋವಿಗೆ ನನ್ನ ಗಿರಣಿ ಚಕ್ರ ಯಾತಕ್ಕಪ್ಪ?" ಎಂದಳು ಚನ್ನಾಜಮ್ಮ.

"ದರ್ಜೆ ಏರ್ಸೋಕೆ."

"ಏರಿ ಏನ್ ಮಾಡ್ತದೆ?"

"ಇನ್ನೂ ಜೋರಾಗಿ ಸುಡ್ತದೆ."

"ಕನ್ನಡಿ ಒಳಗೇ?"

"ಕನ್ನಡಿ ಒಳಗೇ ಕಣಕ್ಕ."

"ಹಂಗಾದ್ರೆ ನಿನ್ ದೊರೇಗೆ ಕನ್ನಡಿ ಒಳಗಿನ ರಾಗೀನೇ ಬೀಸ್ಕೊಂಡು ಉಣ್ಣಕ್ಕೇಳು," ಎಂದಳು ಸಣ್ಣತಾಯಿ. "ನಮ್ಮ ಹೊಟ್ಟೆ ಹೊರಗಡೆ ಅದೆ."

ಸೈನಿಕರು ನಗು ತಡೆದುಕೊಂಡು ಸ್ಪ್ಯಾನರು ಎತ್ತಿದರು. ಓಬಳಯ್ಯ ಅಕ್ಕನ ಮುಂದೆ ಕುಕ್ಕರಗಾಲಿನಲ್ಲಿ ಕೂತ. "ಬೇಡ ಅಂದ್ರೆ ಗಿರಣೀನೇ ಕಿತ್ಕೊಂಡು ಹೋಯ್ತಾರೆ. ಕೊಟ್ಬಿಡಕ್ಕ. ಮಾರಮ್ಮನ ಆರತಿ ಒಳಗೆ ನಾನೇ ತಂದು, ಇದ್ದ ಜಾಗದಾಗೆ ನಿಲ್ಲಿಸ್ತೀನಿ. ಅಮ್ಮನಾಣೆ."

"ಆಣೆ ಇಡಬ್ಯಾಡ ಕಣೋ. ನಿನ್ನ ಗಂಟ್ಲು ದೊಡ್ಡದು, ಅಮ್ಮನಿಗೂ ಕೇಳಿಸ್ಬಿಡ್ತದೆ."

ಚಕ್ರವನ್ನು ಗಾಡಿಗೆ ಏರಿಸುವ ಮುಂಚೆ ಚನ್ನಾಜಮ್ಮ ಅದನ್ನು ಸೆರಗಿನಿಂದ ಒರೆಸಿದಳು, ಮಗಳನ್ನು ಗಂಡನ ಮನೆಗೆ ಕಳಿಸುವಾಗ ಮುಖ ಒರೆಸುವಂತೆ. ನಡುವಿನ ತೋಡಿನಲ್ಲಿ ಕಚ್ಚಿಕೊಂಡಿದ್ದ ಹಿಟ್ಟು ಮಾತ್ರ ಬರಲಿಲ್ಲ. "ಇರ್ಲಿ, ಗುರ್ತಿಗೆ," ಎಂದಳು.

ಅರಮನೆಯಲ್ಲಿ ಕನ್ನಡಿಯ ಮುಂದೆ ರಾಟೆ, ತಂತಿ, ಬೆಲ್ಟುಗಳ ಗುಡ್ಡ ಬೆಳೆಯಿತು. ಶುಭಮುಹೂರ್ತ ನೋಡಿ ಮಂಗಳವಾದ್ಯ ಊದಿಸಿದರು. ಕುಂಬಳಕಾಯಿ ಒಡೆದರು. ಮಹಾರಾಜರು ಗುಂಡಿ ಒತ್ತಿದರು. ಕೋವಿ ಮೊದಲನೆಯ ದರ್ಜೆಯಲ್ಲೇ ಇತ್ತು.

"ಕನ್ನಡಿಗೆ ತಾಗಿಸಿ ನೋಡಿ," ಎಂದ ಹಿಂಜರಿಮಲ್ಲ. ಗಿರಣಿಯ ಚಕ್ರವನ್ನು ಎತ್ತಿ ಗಾಜಿಗೆ ಒತ್ತಿ ಹಿಡಿದರು. ಚಕ್ರ ಹೊರಗೇ ಇತ್ತು, ಕೋವಿ ಒಳಗೇ ಇತ್ತು. ಸಮರ್ಪಣೆಯಲ್ಲಿ ಭಕ್ತಿ ಸಾಲದಾಯಿತೆಂದು ಹೊಲಿಗೆಯವರ ಮೇಲೆ, ಬಾವಿಕಟ್ಟೆಯವರ ಮೇಲೆ ದಂಡ ಹಾಕಿದರು. ಇನ್ನೊಂದು ಸುತ್ತು ಗಾಡಿಗಳು ಹೊರಟು ಬಂದವು. ಕೋವಿ ಯೋಚಿಸುತ್ತಲೇ ಇತ್ತು. ಮಹಾರಾಜರ ಹುಬ್ಬು ಮಾತ್ರ ಒಂದೊಂದೇ ದರ್ಜೆ ಮೇಲೇರುತ್ತ ಹೋಯಿತು.

ಆ ಹುಬ್ಬನ್ನು ನೋಡಿ ತಥಾಸ್ತುರಾಯರಿಗೆ ಜ್ಞಾನೋದಯವಾಯಿತು.

"ಕೋವಿ ಏರಿಲ್ಲವೆಂದು ಹೇಳಿದವರು ಯಾರು, ಮಹಾಪ್ರಭು? ಏರಿದೆ. ಕಾಣಿಸುತ್ತಿಲ್ಲ, ಅಷ್ಟೆ. ಕಾಣಿಸುವಂತೆ ಮಾಡುವುದು ಚಿತ್ರಗಾರರ ಕೆಲಸ."

ಆಸ್ಥಾನ ಚಿತ್ರಗಾರ ವರ್ಣೋಜನನ್ನು ಕರೆಸಿದರು. ಅವನು ಕನ್ನಡಿಯ ಗಾಜಿನ ಮೇಲೆಯೇ, ಎಣ್ಣೆಬಣ್ಣದಲ್ಲಿ, ಐದನೆಯ ದರ್ಜೆಯ ಕೋವಿಯನ್ನು ಬರೆದ. ಏನು ಕೋವಿ! ನಳಿಗೆಯ ಬಾಯಲ್ಲಿ ಸಿಂಹ, ಹಿಡಿಯಲ್ಲಿ ನವಿಲು, ನಡುವೆ ಚಿನ್ನದ ರೇಕಿನಲ್ಲಿ ಐದೆಂಬ ಅಂಕೆ. ಮಹಾರಾಜರು ನಿಂತು ನೋಡಿ, "ಇನ್ನೂ ಸ್ವಲ್ಪ ದೊಡ್ಡದಾಗಲಿ" ಎಂದರು. ದೊಡ್ಡದಾಯಿತು. ಮತ್ತೆ ಸ್ವಲ್ಪವೆಂದರು. ಕೊನೆಗೆ ಕನ್ನಡಿಯೆಲ್ಲ ಕೋವಿಯೇ ಆಗಿ, ಬಲಗಡೆಯ ಅಂಚಿನಲ್ಲಿ ಒಂದು ಗೇಣಗಲದ ಪಟ್ಟಿಯಷ್ಟೇ ಗಾಜು ಉಳಿಯಿತು. ಮೂಗಿಗಿಂತ ಮೂಗುತಿ ಭಾರವಾಗುವುದನ್ನು ಕಂಡವರಿದ್ದಾರೆ. ಮೂಗುತಿಯ ಹಿಂದೆ ಮುಖವೇ ಮುಚ್ಚಿಹೋದದ್ದು ಏರುಗಿರಿಯಲ್ಲೇ ಮೊದಲು.

ಆ ಗೇಣಗಲದ ಪಟ್ಟಿಯ ಪಕ್ಕದಲ್ಲಿ ನಿಲ್ಲುವ ಜಾಗ ಓಬಳಯ್ಯನದು.

ಆರತಿಗೆ ಕೆಲವೇ ದಿನ ಉಳಿದಿದ್ದಾಗ ಮಹಾರಾಜರು ಮತ್ತೆ ಗುಂಡಾಟಕ್ಕೆ ಕೂತರು. ಈ ಸಲ ಒಬ್ಬರೇ. ಇಂಥ ಕೋವಿಯಿದ್ದವರಿಗೆ ಪರಿವಾರವೇಕೆ? ಅವರ ಕಣ್ಣೆದುರು ಸಿಂಹ, ನವಿಲು, ಚಿನ್ನದ ಐದು. ಒತ್ತಿದರು, ಢಮ್ ಎಂದಿತು. ಅದು ಯಾರ ಕೋವಿಯ ಸದ್ದೆಂದು ಬಣ್ಣದ ಹಿಂದೆ ಗೊತ್ತಾಗುವಂತಿರಲಿಲ್ಲ. ಮಹಾರಾಜರು ತಮ್ಮದೆಂದುಕೊಂಡರು.

ಓಬಳಯ್ಯನಿಗೆ ಪಟ್ಟಿಯೊಳಗಿಂದ ಹಾಳೂರಿನ ಒಂದು ಮೂಲೆ ಕಾಣುತ್ತಿತ್ತು. ಅಲ್ಲಿ ಕೆಳಗಿರಿಯ ರಾಣಿಯ ಬೊಂಬೆ ಬಗ್ಗಿ ಏನನ್ನೋ ಹೆಕ್ಕುತ್ತಿತ್ತು. ಪಕ್ಕದಲ್ಲಿ ಕಿರೀಟದ ಬೊಂಬೆ ಅಂಗಾತ ಮಲಗಿತ್ತು. ಅದರ ಮೇಲೆ, ಬಣ್ಣದ ಅಂಚಿನಿಂದ ಇಣುಕಿದ ಅಕ್ಷರಗಳು: ...ತರಾಗಿದ್ದೀರಿ.

"ಎಷ್ಟು ಜನ ಬಿದ್ದರು?" ಮಹಾರಾಜರು ಗುಂಡಿ ಒತ್ತುತ್ತಲೇ ಕೇಳಿದರು.

"ಎಲ್ಲರೂ!" ಎಂದರು ತಥಾಸ್ತುರಾಯರು.

"ಕೆಳಗಿರಿಯವಳು?"

"ಬಗ್ಗಿದವಳು ಇನ್ನೂ ಎದ್ದಿಲ್ಲ, ಮಹಾಪ್ರಭು."

ಮಹಾರಾಜರಿಗೆ ಯಾಕೋ ಒಂದು ಸಣ್ಣ ಸಂಶಯ ಬಂದಿತು. ಹಾಗೆ ಬರುವುದು ಅಪರೂಪ. ಬಂದಾಗ ಅವರ ಮುಖ ಮಗುವಿನಂತಾಗುತ್ತಿತ್ತು. ಅವರು ಓಬಳಯ್ಯನತ್ತ ತಿರುಗಿದರು. "ನೀನು ಅಂಚಿನಲ್ಲಿ ನಿಂತಿದ್ದೀಯ. ನಿನಗೆ ಒಳಗೆ ಕಾಣುತ್ತದೆ. ನಿಜ ಹೇಳೋ ಓಬಳಯ್ಯ, ನಾನು ಗೆದ್ದೆನೇ?"

ಇಪ್ಪತ್ತು ವರ್ಷ ಕೂಗಿದವನನ್ನು ದೊರೆ ಮೊದಲ ಸಲ ಪ್ರಶ್ನೆ ಕೇಳಿದ್ದರು. ತಥಾಸ್ತುರಾಯರು ಅವನ ಕಿವಿಯ ಬಳಿ ಬಗ್ಗಿ, "ನಿಮ್ಮಕ್ಕನ ಚಕ್ರ ಇಲ್ಲೇ ಇದೆಯಲ್ಲವೇನಯ್ಯ? ದರ್ಜೆ ಏರಿದರೆ ಮರಳಿಸುತ್ತೇವೆಂದು ಮಾತು ಕೊಟ್ಟಿದ್ದೇವೆ. ಏರಿತೋ ಇಲ್ಲವೋ ನೀನೇ ಹೇಳು" ಎಂದು ಪಿಸುಗುಟ್ಟಿದರು.

ಓಬಳಯ್ಯ ಚಕ್ರದ ಕಡೆ ನೋಡಿದ. ಗುಡ್ಡದ ನಡುವೆ ಅದರ ತೋಡಿನಲ್ಲಿ ಬಿಳಿ ಹಿಟ್ಟು ಕಾಣುತ್ತಿತ್ತು. ಮಾರಮ್ಮನ ಮೇಲೆ ಇಟ್ಟ ಆಣೆ ನೆನಪಾಯಿತು. ಒಂದು ಸುಳ್ಳಿಗೆ ಒಂದು ಚಕ್ರ, ಅಮ್ಮ ಮನ್ನಿಸಿಯಾಳು ಎಂದುಕೊಂಡ. ಅಮ್ಮ ಸಂತೆಯಲ್ಲಿ ಕೂತ ವ್ಯಾಪಾರಿಯಲ್ಲವೆಂಬುದು ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ಅರಮನೆಯಲ್ಲಿ ಬಹುಕಾಲ ನಿಂತವರಿಗೆ ಗುಡಿಯೂ ಅರಮನೆಯಂತೆಯೇ ಕಾಣತೊಡಗುತ್ತದೆ.

ಕೋಲು ಕುಟ್ಟಿದ. "ಪಂಚಮದರ್ಜೆ ಕೋವಿಧಾರಕ, ಕೆಳಗಿರಿ ಮದಮರ್ದನ, ಗುಂಡಾಟ ಸಾರ್ವಭೌಮ, ಉತ್ತರೋತ್ತರ ಮಹಾಪ್ರಭುಗಳಿಗೆ ಜಯವಾಗಿದೆ, ಬಹುಪರಾಕ್!"

ಮಹಾರಾಜರ ಮುಖ ಮಗುವಿನಿಂದ ಮತ್ತೆ ಮಹಾರಾಜರದಾಯಿತು. ಸಂಶಯ ಅವರನ್ನು ಆಮೇಲೆ ಎಂದೂ ಕಾಡಲಿಲ್ಲ.

ಸಂಜೆ ಓಬಳಯ್ಯ ತಥಾಸ್ತುರಾಯರ ಬಾ​ಗಿಲಿಗೆ ಹೋದ. "ಬುದ್ಧೀ, ಆ ಚಕ್ರ..."

"ಯಾವ ಚಕ್ರ?"

"ದರ್ಜೆ ಏರಿದ್ರೆ ಕೊಡ್ತೀವಿ ಅಂದಿದ್ರಲ್ಲ."

ತಥಾಸ್ತುರಾಯರು ತಾಂಬೂಲ ಕೆನ್ನೆಯ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಸಿದರು. "ನೋಡಯ್ಯ, ಗೆಲುವು ಬಂದದ್ದು ಯಾವುದರಿಂದ? ಸಾಮಗ್ರಿಯಿಂದ. ಸಾಮಗ್ರಿ ಮರಳಿಸಿದರೆ ಗೆಲುವನ್ನೇ ಮರಳಿಸಿದಂತೆ. ಅದು ರಾಜದ್ರೋಹ. ನಿನ್ನಂಥ ನಿಷ್ಠಾವಂತನ ಬಾಯಲ್ಲಿ ಈ ಮಾತೇ?"

"ಸೋತಿದ್ರೆ ಕೊಡ್ತಿದ್ರಾ, ಬುದ್ಧೀ?"

"ಸೋತಿದ್ದರೆ ಇನ್ನಷ್ಟು ಬೇಕಾಗುತ್ತಿತ್ತಲ್ಲ!"

ವಿಜಯೋತ್ಸವದ ದಿನ ಊರೂರಿಂದ ಪ್ರಜೆಗಳನ್ನು ಗಾಡಿಗಳಲ್ಲಿ ತುಂಬಿ ತಂದರು. ರಾಟೆಯಿಲ್ಲದ ಬಾವಿಯ ನೀರನ್ನು ಕೈಯಿಂದ ಸೇದಿ ಸೇದಿ ಅಂಗೈ ಬೊಬ್ಬೆ ಎದ್ದವರಿಗೆ ಚಪ್ಪಾಳೆ ತಟ್ಟಲು ಅಪ್ಪಣೆಯಾಯಿತು. ಸಿಂಹಾಸನದ ಹಿಂದೆ, ದೇವರಿಗೆ ಪ್ರಭಾವಳಿ ಇರುವಂತೆ, ದೊಡ್ಡದೊಂದು ಚಿನ್ನದ ಚಕ್ರ ನಿಂತಿತ್ತು. ಗಿರಣಿಯ ಚಕ್ರಕ್ಕೆ ಚಿನ್ನದ ರೇಕು ಹೊದಿಸಿದ್ದರು. ಹಿಂದೆ ಕೂತ ಇಬ್ಬರು ಸೇವಕರು ಅದನ್ನು ಮೆಲ್ಲಗೆ ತಿರುಗಿಸುತ್ತಿದ್ದರು. ಅದು ತಿರುಗಿ ತಿರುಗಿ ಏನನ್ನೂ ಬೀಸುತ್ತಿರಲಿಲ್ಲ. ಅದರ ಮುಂದೆ ಕೂತ ಉತ್ತರೋತ್ತರ ಮಹಾರಾಜರಿಗೆ ಕೋವಿಯಾಕಾರದ ಹೊಸ ಕಿರೀಟ ತೊಡಿಸಿ, ಗುಂಡಾಟ ಚಕ್ರವರ್ತಿಯೆಂದು ಪಟ್ಟ ಕಟ್ಟಿದರು. ಕೆಳಗಿರಿಯ ರಾಣಿ ಉಡುಗೊರೆಯಾಗಿ ಕನ್ನಡಿ ಒರೆಸುವ ಒಂದು ಬಟ್ಟೆ ಕಳಿಸಿದ್ದಳು. ಅದನ್ನು ಕಪ್ಪಕಾಣಿಕೆಯೆಂದು ಓದಿ ಹೇಳಿದರು.

ಆಮೇಲೆ ಚಕ್ರವರ್ತಿಗಳು ಒಂದು ಮಾತು ಅಪ್ಪಣೆ ಕೊಡಿಸಿದರು. "ಕನ್ನಡಿಯ ಬಲಗಡೆ ಒಂದು ಗೇಣು ಖಾಲಿ ಇದೆ. ಅಲ್ಲಿಂದ ಬೆಳಕು ನುಸುಳಿ ಕೋವಿಯ ಅಂದ ಕೆಡಿಸುತ್ತಿದೆ."

"ಆರನೆಯ ದರ್ಜೆ!" ಎಂದು ತಥಾಸ್ತುರಾಯರು ಎದ್ದು ನಿಂತರು. ಆರನೆಯ ದರ್ಜೆಗೆ ಬಣ್ಣ ಬೇಕು, ಬಣ್ಣ ಕಲಸಲು ಎಣ್ಣೆ ಬೇಕು. ಬೇಕಾದದ್ದು ಒಂದು ಬಟ್ಟಲು. ಸಂಗ್ರಹಿಸಲು ತೀರ್ಮಾನವಾದದ್ದು ಪ್ರತಿ ಮನೆಯ, ಪ್ರತಿ ಗುಡಿಯ ದೀಪದೆಣ್ಣೆ.

ಅದನ್ನೂ ಓಬಳಯ್ಯನೇ ಕೂಗಿದ. ಗಂಟಲು ಎಂದಿನಂತೆಯೇ ಖಣಖಣ ಎನ್ನುತ್ತಿತ್ತು. ಕೂಗುತ್ತ ಒಮ್ಮೆ ಹಿಂತಿರುಗಿ ನೋಡಿದ. ತಿರುಗುವ ಚಿನ್ನದ ಚಕ್ರದ ತೋಡಿನೊಳಗೆ ರೇಕು ಹಿಡಿಯದೆ ಬಿಟ್ಟ ಜಾಗದಲ್ಲಿ ಹಿಟ್ಟು ಬೆಳ್ಳಗಿತ್ತು. ಅವನು ಚಕ್ರವರ್ತಿಗೆ ಬೆನ್ನು ತೋರಿಸಿ ಮೆಟ್ಟಿಲಿಳಿದು ಹೊರಟ. ಜಯಘೋಷದ ಗಲಾಟೆಯಲ್ಲಿ ಯಾರೂ ಗಮನಿಸಲಿಲ್ಲ. ಎಲ್ಲರೂ ಹಿಂದುಹಿಂದಕ್ಕೆ ನಡೆಯುವುದರಲ್ಲಿ ಮಗ್ನರಾಗಿದ್ದರು.

ಹೊರಳಹಳ್ಳಿ ಮುಟ್ಟಿದಾಗ ಆರತಿಯ ದಿನದ ಬೆಳಗು. ಎಣ್ಣೆಯ ಗಾಡಿ ಅವನಿಗಿಂತ ಮುಂಚೆ ಬಂದು ಹೋಗಿತ್ತು. ಗಿರಣಿಯ ಮುಂದೆ ಹೆಂಗಸರು ಸೇರಿದ್ದರು. ಬೀಸಲಿಕ್ಕೆ ಕೊಟ್ಟಿದ್ದ ಚೀಲಗಳು ಕೊಟ್ಟಂತೆಯೇ ಸಾಲಾಗಿದ್ದವು. ಸಣ್ಣತಾಯಿ ತನ್ನ ಬಚ್ಚಲಿನಿಂದ ಬೀಸುವ ಕಲ್ಲನ್ನು ಕಿತ್ತು ತಂದು ತೊಳೆದಿಟ್ಟಿದ್ದಳು. ಕಲ್ಲೇನೋ ಗಟ್ಟಿಯಾಗಿತ್ತು, ಹಿಡಿಯುವ ಗೂಟ ಗೆದ್ದಲು ತಿಂದು ಎಂದೋ ಹೋಗಿತ್ತು. ಬೇವಿನ ಕೊಂಬೆ ಸಿಕ್ಕಿಸಿ ತಿರುಗಿಸಿದರೆ ಎರಡು ಸುತ್ತಿಗೆ ಮುರಿಯುತ್ತಿತ್ತು.

ಓಬಳಯ್ಯನನ್ನು ಕಂಡು ಎಲ್ಲರೂ ದಾರಿಯತ್ತ ಇಣುಕಿದರು. ಅವನ ಹಿಂದೆ ಗಾಡಿಯಿರಲಿಲ್ಲ.

"ಚಕ್ರ ಎಲ್ಲಪ್ಪ ಪರಾಕಿನೋರೆ?" ಸಣ್ಣತಾಯಿ ಕೇಳಿದಳು. "ಕೂಗಿ ಹೇಳ್ರಲಾ, ಕೇಳನ."

ಚನ್ನಾಜಮ್ಮ ತಮ್ಮನ ಮುಖವನ್ನೊಮ್ಮೆ ನೋಡಿದಳು. ಓಬಳಯ್ಯ ಗಿರಣಿಯೊಳಗೆ ಹೋಗಿ ಗರಗಸ ತಂದ. ಕಗ್ಗಲಿ ಕೋಲನ್ನು ಹೊಸ್ತಿಲ ಮೇಲಿಟ್ಟು, ಮಂಜಿನ ದಿನ ತರಚಿ ಈಗಷ್ಟೇ ಮಾಯ್ದಿದ್ದ ಮೊಣಕಾಲಿನಿಂದ ಅದುಮಿ ಹಿಡಿದು, ಗೇಣುದ್ದ ಕೊಯ್ದ. ತುದಿಯನ್ನು ಮಚ್ಚಿನಿಂದ ಸವರಿ ಕಲ್ಲಿನ ಕುಳಿಗೆ ಬಡಿದು ಕೂರಿಸಿದ. ಗೂಟ ಅಲುಗಲಿಲ್ಲ. ಮಾರಮ್ಮನ ಅಕ್ಕಿಯನ್ನು ಮೊದಲು ಹಾಕಿಕೊಂಡು ಬೀಸತೊಡಗಿದ.

ಹೊತ್ತು ಏರಿತು. ಹೆಂಗಸರಲ್ಲೊಬ್ಬಳು ಎದುರಿಗೆ ಕೂತು ಕೈಜೋಡಿಸಿದಳು. ಯಾರೋ ಬೀಸುವ ಪದವೊಂದನ್ನು ಮರೆತು ಮರೆತು ನೆನಪಿಸಿಕೊಂಡು ಹಾಡಿದರು. ಓಬಳಯ್ಯ ಹಾಡಲಿಲ್ಲ.

ಸಂಜೆ ಮಾರಮ್ಮನ ಮುಂದೆ ತಂಬಿಟ್ಟಿನ ಆರತಿಗಳನ್ನು ಸಾಲಾಗಿ ಇಟ್ಟರು. ಒಂದೊಂದರಲ್ಲೂ ಬತ್ತಿಯಿತ್ತು, ಎಣ್ಣೆಯಿರಲಿಲ್ಲ. ಅಷ್ಟು ಹೊತ್ತಿಗೆ ಅರಮನೆಯಲ್ಲಿ ವರ್ಣೋಜ ಕೊನೆಯ ಗೇಣನ್ನು ಬಳಿದು ಮುಗಿಸಿದ್ದ. ಕತ್ತಲಾಗುತ್ತಿದ್ದ ಗುಡಿಯಲ್ಲಿ ಜನ ಕೈಮುಗಿದು ನಿಂತರು. ಅಮ್ಮನಿಗೆ ಕತ್ತಲಲ್ಲೂ ಕಾಣುತ್ತದೆ.

ಎಲ್ಲರೂ ಹೊರಟ ಮೇಲೆ ಓಬಳಯ್ಯ ಅಕ್ಕನ ಬಳಿ ಬಂದ. ಸೆರಗು ಹಿಡಿಯೆಂಬಂತೆ ನಿಂತ. ಚನ್ನಾಜಮ್ಮ ಹಿಡಿದಳು. ಬೀಸಿದ ಒಂದೊಂದು ಸೇರಿನಿಂದಲೂ ಎತ್ತಿಟ್ಟಿದ್ದ ಗಿರಣಿಯ ಹಿಡಿಹಿಟ್ಟನ್ನು ಅವನು ಅದರೊಳಗೆ ಸುರಿದು, ಅಂಗೈಗೆ ಅಂಟಿದ್ದನ್ನೂ ಸೆರಗಿನ ಮೇಲೆಯೇ ಝಾಡಿಸಿ, ಕಲ್ಲಿನ ಬಳಿಗೆ ಹೋದ. ಇನ್ನೂ ಚೀಲಗಳು ಬಾಕಿಯಿದ್ದವು.